ಅವ್ವ ಬೇಡವೆಂದ ಬಟ್ಟಲು

ಆ ಠರಾವನ್ನು ನನ್ನ ಕೈಯಾರೆ ಬರೆದೆ. ಜೇವರ್ಗಿಯ ನಮ್ಮ ಚರ್ಚಿನ ಸಮಿತಿಗೆ ಆಗ ನಾನು ಕಾರ್ಯದರ್ಶಿ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು, ಅಕ್ಷರ ದುಂಡಗಿವೆ ಎಂದು ಆ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಬೇರೆ ಪ್ರಾರ್ಥನಾ ಮಂದಿರಕ್ಕೆ ಹೋಗಿ ಎರಡನೆಯ ಸಲ ದೀಕ್ಷಾಸ್ನಾನ ಪಡೆದವರಿಗೆ ನಮ್ಮಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡತಕ್ಕದ್ದಲ್ಲ ಎಂದು ಎರಡು ಸಾಲಿನಲ್ಲಿ ನಿರ್ಣಯ ಮುಗಿಸಿದೆ. ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ. ಹಾಗೆ ಹೋದವಳು ನನ್ನ ಚಿಗವ್ವ, ಅವ್ವನ ಒಡಹುಟ್ಟಿದ ತಂಗಿ. ಅದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಚಿಗವ್ವ ನಮ್ಮನ್ನು ಬಿಟ್ಟುಹೋಗಲು ಕಾರಣವಿತ್ತು. ಅವಳ ಒಬ್ಬಳೇ ಮಗಳಿಗೆ ಮದುವೆಯಾದ ವರ್ಷವೇ ಮಿದುಳುಜ್ವರ ಬಂತು. ಕಲಬುರಗಿಯ ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಹುಡುಗಿ ಐದು ವಾರ ಮಾತಿಲ್ಲದೆ ಮಲಗಿದ್ದಳು. ನಮ್ಮ ಚರ್ಚಿನಿಂದ ನಾವು ಒಂದು ಭಾನುವಾರ ಹೋಗಿ, ಪ್ರಾರ್ಥನೆ ಮಾಡಿ, ಚಹಾ ಕುಡಿದು ಬಂದೆವು. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಕೂಡುತ್ತಿದ್ದ ಹೊಸ ಪ್ರಾರ್ಥನೆಯವರು ದಿನಾ ಬಂದರು. ಅವರ ಹೆಂಗಸರು ಹುಡುಗಿಯ ಬೆನ್ನಿನ ಹುಣ್ಣು ತೊಳೆದರು, ಮಗ್ಗಲು ಬದಲಿಸಿದರು, ಒಲೆ ಹಚ್ಚಿ ರೊಟ್ಟಿ ಬಡಿದರು. ಹುಡುಗಿ ಉಳಿಯಲಿಲ್ಲ. ಮರುತಿಂಗಳು ಚಿಗವ್ವ ಅವರ ಜೊತೆ ಭೀಮಾ ನದಿಗೆ ಹೋಗಿ ಮುಳುಗಿ ಎದ್ದಳು; ಅದೇ ಅವರ ದೀಕ್ಷಾಸ್ನಾನ.

"ಅವ್ರು ನನ್ನ ಮಗಳ್ನ ಉಳಸಲಿಲ್ಲ, ಖರೆ," ಎಂದು ನನಗೆ ಹೇಳಿದ್ದಳು. "ಆದ್ರ ಬಂದು ಕುಂತ್ರು ನೋಡಪಾ. ನೀವು ಕುಂದರಲಿಲ್ಲ."

ಅವಳು ಹೇಳಿದ್ದು ನಿಜ. ಅದಕ್ಕೇ ಸಿಟ್ಟು ಬಂದಿತ್ತೆಂದು ಈಗ ಅನ್ನಿಸುತ್ತದೆ.

ಭೋಜನದ ದ್ರಾಕ್ಷಾರಸ ಮಾಡುವುದು ನಮ್ಮ ಚರ್ಚಿನಲ್ಲಿ ಮೊದಲಿನಿಂದ ಅವ್ವನ ಕೆಲಸ. ಶನಿವಾರ ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದಳು. ಬಟ್ಟೆಯ ಇನ್ನೊಂದು ತುದಿ ಹಿಡಿದು ಹಿಂಡುತ್ತಿದ್ದವಳು ಚಿಗವ್ವ. ಠರಾವಾದ ಮೇಲೆ ಅವ್ವ ಒಬ್ಬಳೇ ಹಿಂಡತೊಡಗಿದಳು. ಒಂದು ಸಲ ಮಾತ್ರ, ಹಿಂಡುತ್ತಲೇ, ಕೇಳಿದಳು:

"ನಮ್ಮ ಹಳ್ಳಿ ಕೊಳಕೂರಾಗ ನಿಮ್ಮ ಅಜ್ಜಗ ಚಹಾದ ಅಂಗಡಿ ಹೊರಗ ಬ್ಯಾರೆ ಕಪ್ಪು ಇಡ್ತಿದ್ರು. ಇಲ್ಲಿ ಎಲ್ಲಾರಿಗೂ ಒಂದ ಬಟ್ಟಲ ಅಂತ ಕೇಳಿ ಈ ದಾರಿಗಿ ಬಂದಾಂವ ಆತ. ನೀ ಏನು ಬರದಿ ಅಂತ ಗೊತ್ತದೇನು ನಿನಗ?"

"ಅದು ಬ್ಯಾರೆ, ಇದು ಬ್ಯಾರೆ ಅವ್ವಾ," ಎಂದೆ.

ಅವಳು ಬಟ್ಟೆಯನ್ನು ಇನ್ನೊಂದು ಸುತ್ತು ತಿರುವಿ ಹಿಂಡಿದಳು.

ಠರಾವಾದ ಮೂರನೆಯ ವರ್ಷ ಅವ್ವನ ಹೊಟ್ಟೆಯಲ್ಲಿ ಕ್ಯಾನ್ಸರ್ ಕಾಣಿಸಿತು. ಗೊತ್ತಾಗುವ ಹೊತ್ತಿಗೆ ಮಾಡುವಂಥದ್ದೇನೂ ಉಳಿದಿರಲಿಲ್ಲ. ಚಿಗವ್ವ ಯಾರೂ ಕರೆಯದೆ ಬಂದಳು, ಎರಡು ಸೀರೆ ಒಂದು ಚೀಲದಲ್ಲಿ ಹಾಕಿಕೊಂಡು. ನಾನೂ ನನ್ನ ಹೆಂಡತಿಯೂ ಶಾಲೆಗೆ ಹೋದರೆ ಅವ್ವನನ್ನು ಎತ್ತುವುದು, ತೊಳೆಯುವುದು, ಗಂಜಿ ಕುಡಿಸುವುದು ಎಲ್ಲ ಅವಳೇ. ನಾನು ಅವಳೆದುರು ಕಣ್ಣೆತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಾಸ್ಟರರು ಅವ್ವನಿಗೆ ಭೋಜನ ಕೊಡಲು ಬಂದರು. ಹಿಂದಿನ ವರ್ಷವಷ್ಟೇ ಅಫಜಲಪುರದಿಂದ ವರ್ಗವಾಗಿ ಬಂದ ಚಿಕ್ಕ ವಯಸ್ಸಿನವರು. ಕೆಟ್ಟವರಲ್ಲ. ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ರೊಟ್ಟಿಯ ತುಣುಕು, ಸಣ್ಣ ಬಟ್ಟಲು ಇಟ್ಟು ಪ್ರಾರ್ಥನೆ ಮುಗಿಸಿದರು. ಚಿಗವ್ವ ಮಂಚದ ಮೇಲೆ ಅವ್ವನನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಳು.

"ಆಕಿಗಿ?" ಎಂದಳು ಅವ್ವ.

ಪಾಸ್ಟರರು ನನ್ನತ್ತ ನೋಡಿದರು. "ಠರಾವ್ ಅದಲ್ರಿ ಮಾಸ್ತರ," ಎಂದರು ಮೆಲ್ಲಗೆ. ನಾನು ಹೂಂ ಎಂದಿದ್ದರೆ ಕೊಡುತ್ತಿದ್ದರು. ಅವರ ಮುಖದಲ್ಲಿ ಅದು ಕಾಣುತ್ತಿತ್ತು. ನಾನು ಗೋಡೆ ನೋಡುತ್ತ ನಿಂತೆ.

"ಎರಡು ತಿಂಗಳಾತು, ಈಕಿ ನನ್ನ ಹೊಲಸು ಬಳಿಯಾಕತ್ತಾಳ್ರಿ," ಎಂದಳು ಅವ್ವ. ಪ್ರತಿ ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ಈಕಿನ್ನ ಹೊರಗಿಟ್ಟು ನಾ ಹ್ಯಾಂಗ ತಿನ್ಲಿ?"

"ಅಕ್ಕಾ, ನಾ ಅಂಗಳಕ್ಕ ಹೋಗ್ತೇನಿ. ನೀ ತಗೋ," ಎಂದು ಚಿಗವ್ವ ಏಳಹೋದಳು.

"ಕುಂದರ ಬೇ." ಅವ್ವ ಅವಳ ಮಣಿಕಟ್ಟು ಹಿಡಿದಳು. "ನನಗೂ ಬ್ಯಾಡ್ರಿ ಪಾಸ್ಟರ. ಒಯ್ರಿ."

ಪಾಸ್ಟರರು ಬಟ್ಟಲನ್ನು ಅವ್ವನ ಬಾಯಿಯ ಹತ್ತಿರ ತಂದರು. ಅವ್ವ ತುಟಿ ಬಿಗಿದುಕೊಂಡಿದ್ದಳು. ಆಮೇಲೆ ಅವರು ಎಲ್ಲವನ್ನೂ ಡಬ್ಬಿಗೆ ತುಂಬಿಕೊಂಡು ಹೋದರು. ನಾಲ್ಕನೆಯ ದಿನ ಅವ್ವ ತೀರಿಕೊಂಡಳು, ಭೋಜನವಿಲ್ಲದೆ.

ಮಣ್ಣಿಗೆ ಶೆಡ್ಡಿನ ಪ್ರಾರ್ಥನೆಯವರೂ ಬಂದಿದ್ದರು. ಒಳಗೆ ಬರಲಿಲ್ಲ, ಸ್ಮಶಾನದ ಗೋಡೆಯ ಆಚೆ ನಿಂತರು. ಬನ್ನಿ ಎಂದು ನಮ್ಮವರೂ ಕರೆಯಲಿಲ್ಲ. ಪೆಟ್ಟಿಗೆ ಇಳಿಸುವಾಗ ನಮ್ಮವರು ಒಂದು ಹಾಡು ಎತ್ತಿಕೊಂಡರು, ಗೋಡೆಯ ಆಚೆಯವರು ಇನ್ನೊಂದು. ಎರಡೂ ಒಂದರ ಮೇಲೊಂದು ಬಿದ್ದು ಯಾವುದೂ ತಿಳಿಯಲಿಲ್ಲ. ಯಾರೂ ನಿಲ್ಲಿಸಲಿಲ್ಲ. ಚಿಗವ್ವ ಕುಣಿಯ ಅಂಚಿನಲ್ಲಿ ಎರಡರಲ್ಲಿ ಯಾವ ಹಾಡನ್ನೂ ಹಾಡದೆ ನಿಂತು, ಎರಡೂ ಕೈಯಿಂದ ಮಣ್ಣು ಹಾಕಿದಳು.

ಮುಂದಿನ ಸಮಿತಿ ಸಭೆಯಲ್ಲಿ ಠರಾವು ರದ್ದಾಗಬೇಕೆಂದೆ. ನನ್ನದಲ್ಲದೆ ಎದ್ದದ್ದು ಇನ್ನೊಂದೇ ಕೈ, ಚರ್ಚಿನ ಗಂಟೆ ಬಾರಿಸುವ ಮುದುಕನದು.

"ತಾಯಿ ಹೋದ ಸಂಕಟದಾಗ ಮಾತಾಡಾಕತ್ತೀರಿ ಸರ್. ಒಂದು ವರ್ಷ ಹೋಗ್ಲಿ ಬಿಡ್ರಿ," ಎಂದರು ಹಿರಿಯರೊಬ್ಬರು.

ಕಾರ್ಯದರ್ಶಿಯ ಕೆಲಸ ಬಿಟ್ಟೆ. ಠರಾವು ಹಾಗೇ ಉಳಿಯಿತು.

ಅದಾದ ಮೇಲೆ ಒಂದು ಭಾನುವಾರ ಚಿಗವ್ವನ ಜೊತೆ ಶೆಡ್ಡಿಗೆ ಹೋದೆ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಭೋಜನದ ತಟ್ಟೆ ನನ್ನ ಹತ್ತಿರ ಬಂದಾಗ ಹಿಡಿದಿದ್ದ ಗಂಡಸು ಬಾಗಿ ಕೇಳಿದ, "ಮುಳುಗೀರೇನ್ರಿ?"

"ಇಲ್ರಿ. ಕೂಸಿದ್ದಾಗ ನೀರು ಚಿಮುಕಿಸಿದ್ದು, ಅಷ್ಟೇ."

ಅವನು ತಟ್ಟೆಯನ್ನು ನನ್ನೆದುರಿನಿಂದ ದಾಟಿಸಿ ಚಿಗವ್ವನಿಗೆ ಹಿಡಿದ. ಅವಳು ಒಂದು ಕ್ಷಣ ತಡೆದಳು. ಆಮೇಲೆ ತುಣುಕು ತೆಗೆದುಕೊಂಡು, ನನ್ನ ಕಡೆ ನೋಡದೆ ಬಾಯಿಗೆ ಹಾಕಿಕೊಂಡಳು.

ಹೊರಗೆ ಬಂದು ಬಿಸಿಲಲ್ಲಿ ನಡೆಯುವಾಗ ತಾನೇ ಮಾತು ತೆಗೆದಳು. "ನಿಮ್ಮವ್ವನಂಥಾ ಧೈರ್ಯ ನನಗಿಲ್ಲಪಾ. ಇವ್ರೂ ಬಿಟ್ರ ನನಗ ಯಾರದಾರ?"

ನಾನಿದ್ದೇನಲ್ಲ ಎನ್ನಬೇಕೆನಿಸಿತು. ಯಾವ ಬಾಯಿಂದ ಹೇಳಲಿ? ಅವಳ ಮನೆ ಬಂತು. ಚಿಲಕ ತೆಗೆದು, "ಊಟ ಮಾಡ್ಕೊಂಡು ಹೋಗು," ಎಂದಳು. ಒಳಗೆ ಹೋಗಿ ಕೂತೆ. ಅವಳು ಬಡಿಸಿದಳು. ಇಬ್ಬರೂ ಕೂಡಿ ಉಂಡೆವು.