ಮೊಲದ ಗಡ್ಡೆಗೆ ಕಟ್ಟಿದ ರೇಷ್ಮೆ ಎಳೆ

"ಡಾಕ್ಟರಮ್ಮ ಕರೆಂಟ್ ಕೊಟ್ಟು ಮೊಲ ಕೊಂದಳು" ಎಂದು ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಬಾಯಿಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರಲ್ಲಿ ಒಬ್ಬರೂ ಆ ದಿನ ಅಲ್ಲಿರಲಿಲ್ಲ. ಇದ್ದವಳು ನಾನು. ಆದರೆ ನಾನೇ ವರ್ಷದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಮೊಲ ಅವ್ವನದು. ಅಪ್ಪ ಹೋದ ಮೇಲೆ ಅವಳಿಗೊಂದು ಜೊತೆಯಿರಲಿ ಅಂತ ನಾನೇ ತಂದುಕೊಟ್ಟಿದ್ದೆ. ಅವ್ವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರೆ ಅದು ಅವಳ ತೊಡೆಗೆ ಒತ್ತಿಕೊಂಡು ಕೂರುತ್ತಿತ್ತು. ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದಳು, ಅದನ್ನು ತೆಲುಗಿನಲ್ಲಿ ಮುದ್ದು ಮಾಡುತ್ತಿದ್ದಳು. ನಾನು ಕೊಂಡ್ಲಹಳ್ಳಿಯಲ್ಲಿ ಪಾಠ ಮುಗಿಸಿ ಮನೆಗೆ ಬಂದರೆ ಅವ್ವ ಮೊದಲು ಕೇಳುತ್ತಿದ್ದದ್ದು ಅದಕ್ಕೆ ಸೊಪ್ಪು ತಂದೆಯಾ ಅಂತ.

ಒಂದು ದಿನ ಅದರ ಕತ್ತಿನ ಮೇಲೆ ಶೇಂಗಾ ಬೀಜದಷ್ಟು ಗಡ್ಡೆ ಕಾಣಿಸಿತು. ನಮ್ಮ ನೇಕಾರರ ಮನೆಗಳಲ್ಲಿ ನರಹುಲಿ ಎದ್ದರೆ ಬುಡಕ್ಕೆ ರೇಷ್ಮೆ ಎಳೆ ಬಿಗಿಯುತ್ತಾರೆ. ರಕ್ತ ನಿಂತು, ಒಣಗಿ, ಉದುರುತ್ತದೆ. ಚಿಕ್ಕಂದಿನಲ್ಲಿ ನನ್ನ ಕುತ್ತಿಗೆಯದೂ ಹಾಗೇ ಉದುರಿತ್ತು. ಅವ್ವ ಮೊಲವನ್ನು ಮಡಿಲಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ಮಂಜು, ಹಾಗಾಗಿ ಎಳೆ ಕಟ್ಟಿದವಳು ನಾನು. ಮಕ್ಕಳಿಗೆ ವಿಜ್ಞಾನ ಕಲಿಸುವ, ಕರಿಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆಯುವ ನಾನು! ಹತ್ತು ದಿನಕ್ಕೆ ಗಡ್ಡೆ ಉದುರಿತು. ಅವ್ವ ಬೀದಿಗೆಲ್ಲ ನನ್ನ ಕೈಗುಣ ಹೊಗಳಿದಳು, ನಾನೂ ಬೀಗಿದೆ.

ಮೂರು ತಿಂಗಳಲ್ಲಿ ಅದೇ ಜಾಗದಲ್ಲಿ ನೆಲ್ಲಿಕಾಯಿ ಗಾತ್ರದ ಗಡ್ಡೆ ಎದ್ದಿತು. ಮೊದಲು ತೋರಿಸಿದ ದನದ ಡಾಕ್ಟ್ರು ನಕ್ಕುಬಿಟ್ಟರು. "ಕುರಿ ಆದ್ರೆ ಹಿಡ್ಕಂಬನ್ನಿ. ಮೊಲಕ್ಕೆಲ್ಲ ಯಾರ್ರೀ ಔಷಧಿ ಮಾಡ್ತಾರೆ? ಇನ್ನೊಂದು ತಗಳ್ರಿ." ಆ ನಗು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ.

ಆಮೇಲೆ ಚಳ್ಳಕೆರೆಯ ಡಾಕ್ಟರಮ್ಮನ ವಿಷಯ ತಿಳಿಯಿತು. ಉಳ್ಳಾರ್ತಿ ಕಾವಲ್ ಕಡೆಯ ವಿಜ್ಞಾನ ಸಂಸ್ಥೆಗಳ ಕ್ವಾರ್ಟರ್ಸ್‌ನವರು ತಮ್ಮ ನಾಯಿ, ಬೆಕ್ಕು, ಮೊಲಗಳನ್ನು ಅವರ ಹತ್ತಿರವೇ ಒಯ್ಯುತ್ತಿದ್ದರು. ಬುಟ್ಟಿಯಲ್ಲಿ ಮೊಲ ಇಟ್ಟುಕೊಂಡು ಬಸ್ಸು ಹತ್ತಿದೆ. ಡಾಕ್ಟರಮ್ಮ ನಗಲಿಲ್ಲ. ಗಡ್ಡೆ ಮುಟ್ಟಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದರು. ಎಲೆಕ್ಟ್ರೋಕೀಮೋಥೆರಪಿ ಮಾಡೋಣ ಎಂದರು. ಮತ್ತು ಬರಿಸಿ, ಔಷಧಿ ಚುಚ್ಚಿ, ಗಡ್ಡೆಗೆ ಕ್ಷಣಮಾತ್ರ ಕರೆಂಟ್ ಮುಟ್ಟಿಸುವುದು. ಆಗ ಜೀವಕೋಶದ ಪೊರೆ ಸಡಿಲಾಗಿ ಔಷಧಿ ಒಳಗಿಳಿಯುತ್ತದಂತೆ. ಅವ್ವನಿಗೆ ನಾನು ಹೇಳಿದೆ: "ಸೋಪಿನ ನೀರಲ್ಲಿ ಕುದಿಸಿ ಅಂಟು ಬಿಡಿಸ್ದೆ ಇದ್ರೆ ರೇಷ್ಮೆಗೆ ಬಣ್ಣ ಸರಿಯಾಗಿ ಇಳಿಯಲ್ವಲ್ಲವ್ವ, ಹಂಗೆ." ಅವಳಿಗೆ ತಟ್ಟನೆ ಅರ್ಥವಾಯಿತು. "ಹಂಗಾದ್ರೆ ಮಾಡ್ಸು" ಎಂದಳು.

ಚಿಕಿತ್ಸೆಗೆ ಒಯ್ದ ದಿನ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಇದಕ್ಕೆ ಹಿಂದೆ ಏನಾದ್ರೂ ಮಾಡಿದ್ರಾ? ಸುಡೋದು, ಕಟ್ಟೋದು, ಕೊಯ್ಯೋದು?"

ಪಕ್ಕದ ಕುರ್ಚಿಯಲ್ಲಿ ಕ್ವಾರ್ಟರ್ಸ್‌ನ ಹೆಂಗಸೊಬ್ಬಳು ನಾಯಿ ಹಿಡಿದು ಕೂತಿದ್ದಳು. ನಾನು ಟೀಚರ್ ಅಂತ ಆಗಲೇ ಹೇಳಿಕೊಂಡಿದ್ದೆ. ನಾಚಿಕೆಯಾಯಿತು. "ಇಲ್ಲ ಮೇಡಂ" ಎಂದೆ.

ಮೊಲವನ್ನು ಒಳಗೆ ಒಯ್ದು ಮತ್ತು ಕೊಟ್ಟ ಡಾಕ್ಟರಮ್ಮ ಸ್ವಲ್ಪ ಹೊತ್ತಿಗೆ ಹೊರಗೆ ಬಂದರು. ಕೈಯಲ್ಲಿ ಹತ್ತಿ, ಹತ್ತಿಯ ಮೇಲೆ ಗಡ್ಡೆಯೊಳಗಿಂದ ತೆಗೆದ ಬೆರಳುದ್ದದ ಕೆಂಪು ಎಳೆ. ನಾನು ಕಟ್ಟಿದ ದಿನ ಮಗ್ಗದ ಮೇಲಿದ್ದ ಸೀರೆಯ ಅಂಚಿನ ಕೆಂಪು.

"ಏನೂ ಮಾಡಿಲ್ಲ ಅಂದ್ರಲ್ಲ? ಇದರ ಸುತ್ತ ಆಳಕ್ಕೆ ಕೀವು ಕಟ್ಟಿದೆ. ಇಷ್ಟು ಕೀವಿರೋ ಮೊಲ ಮತ್ತು ತಡ್ಕೊಳ್ಳೋದು ಕಷ್ಟ. ಮೊದಲೇ ಹೇಳಿದ್ರೆ ಇವತ್ತು ಮತ್ತು ಕೊಡ್ತಾನೇ ಇರ್ಲಿಲ್ಲ, ಕೀವು ವಾಸಿ ಮಾಡ್ಕೊಂಡು ಆಮೇಲೆ ಕರೀತಿದ್ದೆ" ಎಂದರು. ಕೀವು ತೊಳೆಯಲು ಒಳಗೆ ಹೋದರು. ತೊಳೆಯುವಷ್ಟರಲ್ಲೇ ಮೊಲದ ಉಸಿರು ನಿಂತಿತು. ಕರೆಂಟಿನ ಯಂತ್ರಕ್ಕೆ ಅವರು ಕೈ ಹಚ್ಚಿಯೇ ಇರಲಿಲ್ಲ.

ಮನೆಗೆ ಬಂದಾಗ ಅವ್ವ ಬುಟ್ಟಿ ನೋಡಿ, "ಕರೆಂಟ್ ತಡ್ಕಳ್ಲಿಲ್ವಾ?" ಎಂದಳು. ನಾನು ಹೌದೆಂಬಂತೆ ತಲೆಯಾಡಿಸಿದೆ. ಬೀದಿಯವರ ಮಾತು ಹುಟ್ಟಿದ್ದು ಆ ತಲೆಯಾಟದಿಂದ. ಆಮೇಲೆ ಅದೇ ಮಾತಿಗೆ ನಾನೇ ಸಿಡುಕುತ್ತಿದ್ದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಮೊನ್ನೆ ಪಕ್ಕದ ಮನೆಯಾಕೆ ತನ್ನ ಗಿನಿಪಿಗ್ ತಂದು ತೋರಿಸಿದಳು. ಅದರ ಪಕ್ಕೆಯ ಮೇಲೆ ಗಡ್ಡೆ.

"ಚಳ್ಳಕೆರೆಗೆ ಒಯ್ಬ್ಯಾಡ ಕಣಮ್ಮ, ಸಾಯಿಸ್ತಾರೆ" ಎಂದಳು ಅವ್ವ. "ನನ್ ಮಗಳು ಎಳೆ ಕಟ್ತಾಳೆ. ಅವಳ ಕೈಗುಣ ಚೆನ್ನಾಗೈತೆ." ರೇಷ್ಮೆ ನೂಲಿನ ಲಡಿಯಿಂದ ಒಂದೆಳೆ ಬಿಡಿಸಿ ನನ್ನ ಮುಂದೆ ಹಿಡಿದಳು.

ಅದನ್ನು ಕಿತ್ತುಕೊಂಡು ಮಗ್ಗದ ಗುಂಡಿಗೆ ಎಸೆದೆ. "ಕರೆಂಟ್ ಕೊಡ್ಲೇ ಇಲ್ಲವ್ವ! ಸಾಯಿಸಿದ್ದು ನಾನು. ಕಟ್ಟಿದ್ದ ಎಳೆ ಒಳಗೇ ಉಳಿದಿತ್ತು. ಡಾಕ್ಟರಮ್ಮ ಕೇಳಿದ್ರು, ಸುಳ್ಳು ಹೇಳ್ದೆ" ಎಂದು ಕೂಗಿದೆ. ಬಾಗಿಲಲ್ಲಿ ನಾಲ್ಕು ಜನ ಸೇರಿದರು. ಸೇರಲಿ ಎನ್ನಿಸಿತು.

ಅವ್ವ ಪಕ್ಕದ ಮನೆಯಾಕೆಗೆ, "ನೀನು ಚಳ್ಳಕೆರೆಗೇ ಹೋಗಮ್ಮ. ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದಂಗೆ ಹೇಳು" ಎಂದಳು. ಆಮೇಲೆ ಗುಂಡಿಗೆ ಇಳಿದು ಕೂತಳು. ಲಾಳಿ ಕೈಯಲ್ಲಿ ಹಿಡಿದಿದ್ದಳು, ನೇಯಲಿಲ್ಲ.

"ನಿಜ ಹೇಳಿದ್ರೆ ಬದುಕ್ತಿತ್ತಾ?" ಎಂದು ಕೇಳಿದಳು, ನನ್ನ ಕಡೆ ನೋಡದೆ.

"ಬದುಕ್ತಿತ್ತೇನೋ" ಎಂದೆ.