ಮೊದಲು ಎದ್ದವರು

ಆ ಭಾನುವಾರ ಮೊದಲು ಎದ್ದವರು ಯಾರೆಂದು ನಾನು ಆಣೆ ಮಾಡಿ ಹೇಳಲಾರೆ. ಧಾರವಾಡದ ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದೆ. ನಂಬಿಕೆ ಆಗಲೇ ಸಡಿಲವಾಗಿತ್ತು. ಅವ್ವನ ಒತ್ತಾಯಕ್ಕೆ ಚರ್ಚಿಗೆ ಹೋಗಿ ಬಾಗಿಲ ಬಳಿ ಕೂತಿದ್ದೆ. ಆಮೇಲೆ ವರ್ಷಗಟ್ಟಲೆ ನಾನು ಪ್ರಭುಭೋಜನ ಕಾಣಲಿಲ್ಲ.

ನಮ್ಮೂರು ಬೆಟಗೇರಿಗೆ ಮೊದಲ ಬಾರಿ ಹೆಣ್ಣುಮಗಳೊಬ್ಬರು ಪಾದ್ರಿಯಾಗಿ ಬಂದಿದ್ದರು. ಹೆಂಗಸಿನ ಕೈಯಿಂದ ರೊಟ್ಟಿ, ದ್ರಾಕ್ಷಾರಸ ತಗೊಳ್ಳಬೇಕೇ ಎಂದು ಮಗ್ಗದ ಓಣಿಯಲ್ಲಿ ವಾರವಿಡೀ ಗುಸುಗುಸು. ಪ್ರಭುಭೋಜನಕ್ಕೆ ಗಂಡಸರ ಸಾಲು ಮೊದಲು ಏಳಬೇಕು. ಅದರಲ್ಲೂ ಸಭೆಯ ಹಿರಿಯನಾದ ನನ್ನ ಅಪ್ಪ ಎದ್ದ ಮೇಲೆ ಉಳಿದವರು. ಗಂಡಸರು ಏಳದಿದ್ದರೆ ಆಕೆಯ ವರ್ಗಾವಣೆ ಕೇಳುವುದೆಂದು ಮಾತಾಗಿತ್ತು.

ತಾನು ಎದ್ದೆ ಎನ್ನುತ್ತಾನೆ ಅಪ್ಪ. ನನ್ನ ಕಣ್ಣಲ್ಲಿ ಉಳಿದಿರುವುದೇ ಬೇರೆ. ಅಪ್ಪ ತಲೆ ತಗ್ಗಿಸಿ ಚಾಪೆ ನೋಡುತ್ತಿದ್ದ. ಆಚೆ ಬದಿಯ ಹೆಂಗಸರ ಸಾಲಿನಿಂದ ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಒಬ್ಬಳೇ ನಡೆದಳು.

ಪಾದ್ರಿ ಊರಲ್ಲೇ ಉಳಿದರು. ಮುಂದೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸಭೆಗಳನ್ನು ನೋಡಿಕೊಂಡರು. ಹೋದ ವರ್ಷ ಬಿಷಪ್ ಆದರು. ಬೆಟಗೇರಿಯ ಸನ್ಮಾನದಲ್ಲಿ ಅಪ್ಪ ಮೈಕು ಹಿಡಿದ.

“ಅವತ್ತ ನಾ ಏಳಲಿಲ್ಲಂದ್ರ ಬಿಷಪ್ ಅಕ್ಕಾರು ಇವತ್ತ ಈ ಕುರ್ಚಿ ಮ್ಯಾಲೆ ಇರತಿದ್ದಿಲ್ಲ!”

“ಎದ್ದಿ ಖರೆ,” ಎಂದು ನನ್ನ ಅತ್ತೆ, ಅಪ್ಪನ ಅಕ್ಕ, ಕೂತಲ್ಲಿಂದಲೇ ಕೂಗಿದಳು. “ಯಾರು ಎದ್ದ ಮ್ಯಾಲೆ ಎದ್ದಿ, ಅದನ್ನೂ ಹೇಳೋ!”

ಜನ ನಕ್ಕರು. ಅವ್ವ ನಗಲಿಲ್ಲ.

ಊಟದ ಹೊತ್ತಿಗೆ ಅವ್ವನನ್ನೇ ಕೇಳಿದೆ.

“ಅದನ್ಯಾಕ ಕೆದಕತಿ? ನಿಮ್ಮಪ್ಪಗ ಹೇಳಿಕೊಳ್ಳಾಕ ಅದೊಂದ ಐತಿ. ಇರಲಿ ಬಿಡು.”

ಬಿಷಪ್ ಅವರನ್ನು ಕೇಳಿದೆ.

“ನಾ ತಲಿ ಎತ್ತಲಿಲ್ಲಪಾ. ಬಟ್ಟಲಾ ನೋಡಕೋತ ನಿಂತಿದ್ದೆ. ಯಾರು ಮೊದಲ ಬಂದ್ರೋ ಏನೋ.”

ಅಂಥ ದಿನ ತಮ್ಮೆದುರು ಮೊದಲು ನಿಂತವರ ಮುಖ ಮರೆಯುತ್ತಾರೆಯೇ? ಯಾರನ್ನೂ ನೋಯಿಸದ ಇಂಥ ಉತ್ತರ ಕೊಡಬಲ್ಲವರಾದ್ದರಿಂದಲೇ ಬಿಷಪ್ ಆದರೇನೋ. ಅಥವಾ ಅತ್ತೆಯ ಕುಹಕ ಕೇಳಿ ನನ್ನ ನೆನಪೇ ಅವ್ವನನ್ನು ಎಬ್ಬಿಸಿತೋ?

ಸಂಶಯ ನಿದ್ದೆಗೆಡಿಸಿತು. ವರ್ಷಗಟ್ಟಲೆ ಚರ್ಚು ತುಳಿಯದವನು, ಆಕೆ ಕೆಲಸ ಮಾಡಿದ ಆ ಮೂರೂ ಊರುಗಳಲ್ಲಿ, ಆಮೇಲೆ ನಮ್ಮಲ್ಲಿ, ಒಂದೊಂದು ಪ್ರಭುಭೋಜನದ ಭಾನುವಾರ ಹೋಗಿ ಬಾಗಿಲ ಬಳಿ ಕೂತು, ಯಾರು ಮೊದಲು ಏಳುತ್ತಾರೆಂದು ನೋಡಿದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ಇಂದಿಗೂ ಗಂಡಸರ ಸಾಲೇ ಮೊದಲು ಏಳುತ್ತದೆ. ಬೆಟಗೇರಿಯಲ್ಲಿ ಮಾತ್ರ ಹೆಂಗಸರದು.