ಷೆಡ್ಡಿನಕ್ಕನ ಕೈ ತಲೆಯ ಮೇಲೆ ಬಿದ್ದರೆ

ನಂಬಬೇಡಿ. ಕೈಲಾದರೆ ನಂಬದೆ ಇದನ್ನು ಕೊನೆಯವರೆಗೂ ಓದಿ, ನೋಡೋಣ. ಬಾಣಾವರದಿಂದ ಹಳೇಬೀಡಿನ ತನಕ ನನ್ನ ಮಾತು ನಂಬಿ ಕೆಟ್ಟವರು ಬಹಳ ಜನ ಸಿಗುತ್ತಾರೆ, ನಂಬದೆ ಗೆದ್ದವನು ಒಬ್ಬನೂ ಸಿಗುವುದಿಲ್ಲ.

ಅವಳ ಕಿವಿಯಿಂದ ಶುರು ಮಾಡುತ್ತೇನೆ. ದೊಡ್ಡ ಕಿವಿಗಳು, ಯಾರೋ ಹಿಂದಿನಿಂದ ತಳ್ಳಿದ ಹಾಗೆ ಮುಂದಕ್ಕೆ ಬಾಗಿದ್ದವು. ಮಡಿಕೆಗಳಲ್ಲಿ ಮುಸುಕಿನ ಜೋಳದ ಹಳದಿ ಪುಡಿ ಸದಾ ಕೂತಿರುತ್ತಿತ್ತು. ಎಷ್ಟೆಂದರೆ ಚಿನ್ನದ ಓಲೆ ಎಲ್ಲಿ ಮುಗಿದು ಪುಡಿ ಎಲ್ಲಿ ಶುರುವಾಯಿತು ಅಂತ ಹೇಳಲು ಆಗುತ್ತಿರಲಿಲ್ಲ. ಆ ಎರಡು ಕಿವಿ ಇರದಿದ್ದರೆ ಇವತ್ತು ಇದನ್ನು ಬರೆಯಲು ನಾನೇ ಇರುತ್ತಿರಲಿಲ್ಲ.

ಜಾವಗಲ್ ದಾರಿಯಲ್ಲಿ ನನ್ನ ತೆಂಗಿನ ತೋಟದ ಬೇಲಿಗೆ ಅಂಟಿಕೊಂಡೇ ಅವಳ ಬ್ರಾಯ್ಲರ್ ಷೆಡ್. ಗಂಡ ಕಟ್ಟಿಸಿದ್ದು, ಗಂಡ ತೀರಿಕೊಂಡ ಮೇಲೆ ಅವಳದೇ ಕಾರುಬಾರು. ಸುತ್ತಲಿನವರಿಗೆಲ್ಲ ಅವಳು ಷೆಡ್ಡಿನಕ್ಕ. ಕೋಳಿ ಸಾಕುವ ತರಬೇತಿಗೆ ಹೋಗಿ ಬಂದವಳು, ಬಾಯಿ ಜೋರು, ಜಂಬದಲ್ಲಿ ನನಗೆ ಒಂದು ಕೂದಲಷ್ಟೂ ಕಡಿಮೆ ಇರಲಿಲ್ಲ. ಕಂಪನಿಯ ಫೀಡು ತರಿಸುತ್ತಿರಲಿಲ್ಲ. ಜೋಳ, ಸೋಯಾ ಹಿಂಡಿ, ಖನಿಜದ ಪುಡಿ ಎಲ್ಲವನ್ನೂ ತಾನೇ ಕಲಸಿ, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡು, ಮುಗ್ಗಲು ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕೋಳಿಗೆ ಹಾಕುವಳು. ಎಳೆ ಮರಿಗೆ ನೂರಕ್ಕೆ ಇಪ್ಪತ್ತೆರಡು ಪಾಲು ಪ್ರೋಟೀನು, ಬಲಿತ ಮೇಲೆ ಅದನ್ನು ಇಳಿಸಿ ಜೋಳ ಏರಿಸುವುದು. ಇದನ್ನು ಮಂತ್ರದ ಹಾಗೆ ಹೇಳುತ್ತಾ ಕಲಸುವಳು.

ಬ್ರಾಯ್ಲರ್ ಷೆಡ್ಡಿನೊಳಗೆ ಯಾವತ್ತಾದರೂ ನಿಂತಿದ್ದೀರಾ? ಪಕ್ಕದವನ ಮಾತು ಕೇಳಿಸದಷ್ಟು ಗಲಾಟೆ. ಬೆಳಿಗ್ಗೆ ಡೇರಿಗೆ ಹಾಲು ಹೋಗುವ ಹೊತ್ತಿಗೆ ಅಕ್ಕ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅಷ್ಟೂ ಸದ್ದು ಒಮ್ಮೆಲೇ ನಿಂತುಹೋಗುತ್ತಿತ್ತು. ಸಾವಿರಾರು ಬಿಳಿ ಕೋಳಿಗಳು ಕತ್ತು ಎತ್ತಿ ಒಂದೇ ಕಡೆ ನೋಡುತ್ತಿದ್ದವು. ಅವಳು ಅವುಗಳನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಮೇಲೆ ನೆಲಕ್ಕೆ ಹಾಸಿದ ಭತ್ತದ ಹೊಟ್ಟಿನ ಮೇಲೆ ಅವಳ ಹೆಜ್ಜೆಯ ಸದ್ದು ಮಾತ್ರ. ನಾನು ಬೇಲಿಯಾಚೆ ನಿಂತು ಆ ನಿಶ್ಶಬ್ದ ಕೇಳಿದ್ದೇನೆ. ನೆತ್ತಿಯ ಮೇಲೆ ಬಿಸಿಲಿದ್ದರೂ ಬೆನ್ನು ತಣ್ಣಗಾಗುತ್ತಿತ್ತು.

ಅಂಥವಳನ್ನು ಹೆದರಿಸದೆ ಬಿಟ್ಟರೆ ನನ್ನ ಹೆಸರಿಗೇ ಅವಮಾನ. ನಾನು ಯಾರು ಅಂದುಕೊಂಡಿರಿ? ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಹೊರಟಿದ್ದ ಹರಕೆಯವರನ್ನು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ತಡೆದು, ಸ್ವಾಮಿ ಇವತ್ತು ಬೆಟ್ಟದ ಮೇಲಿಲ್ಲ, ಬೇಲೂರಿಗೆ ಹೋಗಿದ್ದಾನೆ ಎಂದು ಹೇಳಿ ಬೇಲೂರು ಬಸ್ಸು ಹತ್ತಿಸಿದವನು. ಒಂದು ದಿನ ಅವಳ ಫೀಡು ಕೋಣೆಗೆ ನುಗ್ಗಿ, ಸೋಯಾ ಮೂಟೆಗಳ ಹಿಂದೆ ಕಂಬಳಿ ಹೊದ್ದು ಕೂತೆ. ಅವಳು ಬಂದಳು, ಬೆನ್ನು ತಿರುಗಿಸಿ ಮೇವು ಕಲಸುವ ಬಾನಿಯೊಳಗೆ ಜೋಳ ಸುರಿದಳು. ನಾನು ಅಲುಗಿರಲಿಲ್ಲ.

"ಎದ್ ಬಾರ್ಲಾ ಈಚೆಗೆ," ಅಂದಳು, ತಿರುಗದೆ. "ನಿನ್ನ ಉಸಿರು ಇಲ್ಲೀಗಂಟ ಕೇಳ್ತೈತೆ."

ಕಂಬಳಿ ಕೊಡವಿ ಎದ್ದೆ. ಅವಳು ನಗಲಿಲ್ಲ. ನನ್ನ ಎದೆಯನ್ನೇ ಸ್ವಲ್ಪ ಹೊತ್ತು ನೋಡಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೋ ಎಂದು ಕೇಳಿದಳು. ತೆಂಗಿನ ಮರ ಹತ್ತಿದರೂ ಬರುವುದಿಲ್ಲ ಎಂದೆ. ಮರ ಹತ್ತಿ ಹದಿನೈದು ವರ್ಷವಾಗಿತ್ತು. ಅದನ್ನು ಅವಳಿಗೇಕೆ ಹೇಳಲಿ.

ಸೋತದ್ದಕ್ಕೆ ಸೇಡು ತೀರಿಸಿಕೊಳ್ಳಬೇಕಲ್ಲ, ನಾನೂ ತೋಟದಲ್ಲಿ ಒಂದು ಷೆಡ್ ಎಬ್ಬಿಸಿದೆ. ಅವಳದಕ್ಕಿಂತ ದಪ್ಪ ಕೋಳಿ ಬೆಳೆಸಿ ತೋರಿಸುವುದೇ ಗುರಿ. ನಮ್ಮ ಕಡೆ ಯಾರಿಗೆ ಶಕ್ತಿ ಕಮ್ಮಿ ಅಂದರೂ ಒಂದೇ ಔಷಧಿ. ಬಾಣಂತಿಗೆ ಕೊಬ್ಬರಿ, ಎತ್ತಿಗೆ ಕೊಬ್ಬರಿ ಹಿಂಡಿ, ಪರೀಕ್ಷೆಗೆ ಹೋಗುವವರ ಕೈಗೆ ಕೊಬ್ಬರಿ ಬೆಲ್ಲ. ಅಟ್ಟದ ತುಂಬ ಕೊಬ್ಬರಿ ಇಟ್ಟುಕೊಂಡವನು ಕೋಳಿಗೆ ಬರೀ ಜೋಳ ಹಾಕುವುದುಂಟೆ? ಎಣ್ಣೆ ಮಿಲ್ಲಿನಿಂದ ಕೊಬ್ಬರಿ ಎಣ್ಣೆಯ ಮಡ್ಡಿ ತಂದು ಕಂಪನಿಯ ಫೀಡಿನ ಮೇಲೆ ಧಾರಾಳವಾಗಿ ಸುರಿದೆ. ಕೋಳಿಗಳು ಉಬ್ಬಿದವು ನೋಡಿ. ಬೇಲಿಯ ಬಳಿ ನಿಂತು ಅಕ್ಕನಿಗೆ ಕೇಳಿಸುವ ಹಾಗೆ ಎಲ್ಲರಿಗೂ ಹೇಳುತ್ತಿದ್ದೆ, ನನ್ನ ಕೋಳಿಗೆ ಮಂಚ ಮಾಡಿಸಬೇಕು, ಕಾಲು ಅದರ ಭಾರ ತಡೆಯುತ್ತಿಲ್ಲ ಅಂತ.

ಆಮೇಲೆ ಶುರುವಾಯಿತು. ಮಟಮಟ ಮಧ್ಯಾಹ್ನ, ನನ್ನ ಕಣ್ಣೆದುರೇ, ಎಲ್ಲಕ್ಕಿಂತ ಚೆನ್ನಾಗಿದ್ದ ಹುಂಜ ಒಂದು ಸಲ ಕೂಗಿ, ರೆಕ್ಕೆ ಬಡಿದು, ಅಂಗಾತ ಬಿತ್ತು. ಕಾಲು ಆಕಾಶಕ್ಕೆ. ಗಾಯವಿಲ್ಲ, ರೋಗವಿಲ್ಲ, ಗಂಟಲಲ್ಲಿ ಇನ್ನೂ ಮೇವಿತ್ತು. ಮಾರನೆಯ ದಿನ ಮತ್ತೆ. ಸೊರಗಿದ ಕೋಳಿ ಒಂದೂ ಸಾಯಲಿಲ್ಲ. ಯಾವುದನ್ನು ನೋಡಿ ನಾನು ಮೀಸೆ ತಿರುವುತ್ತಿದ್ದೆನೋ ಅದೇ ಹೋಗುತ್ತಿತ್ತು. ಕೋಳಿ ತುಂಬಲು ಬರುವ ಲಾರಿಯ ಡ್ರೈವರು ಮುಂಭಾಗಕ್ಕೆ ನಿಂಬೆಹಣ್ಣು ಕಟ್ಟಿಕೊಂಡು, ದೂರದಲ್ಲೇ ಗಾಡಿ ನಿಲ್ಲಿಸಿದ. ಪಕ್ಕದಲ್ಲಿ ಅಂಥವಳು ಇದ್ದರೆ ಇನ್ನೇನಾಗುತ್ತದೆ ಅಂದ.

ನಾನೇ ಹೋಗಿ ಅವಳನ್ನು ಕರೆದೆ. ಬೈಯಲು ಹೋದವನು, ನಿಜ ಹೇಳಬೇಕೆಂದರೆ, ಕೈ ಮುಗಿದು ಕರೆದೆ. ಅವಳು ನನ್ನ ಷೆಡ್ಡಿಗೆ ಕಾಲಿಟ್ಟಳು. ಅವಳನ್ನು ಎಂದೂ ಕಾಣದ ನನ್ನ ಕೋಳಿಗಳೂ ಸುಮ್ಮನಾದವು. ಕಣ್ಣು ಮುಚ್ಚಿ ನಿಂತಳು. ನಡೆದಳು. ಕೋಳಿಗಳು ಎರಡು ಪಾಲಾಗಿ ದಾರಿ ಬಿಟ್ಟವು, ಒಂದು ಮಾತ್ರ ಕದಲಲಿಲ್ಲ. ಅದರ ತಲೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಅಂದಳು:

"ನಿಂದಾಯ್ತು ಕಣಪ್ಪ."

ನನಗೆ ಅನುಮಾನ. ಇವಳೇ ಏನೋ ಮಾಡುತ್ತಾಳೆ. ಆ ಕೋಳಿಯ ರೆಕ್ಕೆಗೆ ಅರಿಶಿನ ಬಳಿದು, ಬುಟ್ಟಿಯಲ್ಲಿಟ್ಟು, ಅವಳ ಕಣ್ಣಿಗೆ ಬೀಳದ ಹಾಗೆ ಮನೆಗೆ ತಂದು ತೊಡೆಯ ಮೇಲೇ ಕೂರಿಸಿಕೊಂಡೆ. ಹೆಂಡತಿ ಕಾಫಿ ತಂದಳು. ಕೋಳಿ ಆರಾಮಾಗಿ ನನ್ನ ಬೆರಳು ಕುಕ್ಕುತ್ತಿತ್ತು. ನಾನು ಗೆದ್ದೆ ಎಂದುಕೊಂಡು ಲೋಟ ಎತ್ತಿದೆ. ಅದು ಒಂದು ಸಲ ಕೂಗಿತು. ಕಾಫಿ ನನ್ನ ಪಂಚೆಯ ಮೇಲೆ, ಕೋಳಿ ನನ್ನ ಕಾಲ ಬಳಿ, ಅಂಗಾತ.

ಅವತ್ತು ಅವಳ ಮನೆ ಜಗಲಿಯಲ್ಲಿ ಕೂತು ಕೇಳಿದೆ, ಇದೇನು ಮಾಟವೋ ಮಂತ್ರವೋ ಎಂದು. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

"ಪ್ರೋಟೀನು ಮೈ ಕಟ್ತೈತೆ. ಜೋಳ, ಎಣ್ಣೆ ಒಲೆಗಿಕ್ಕೋ ಸೌದೆ ಇದ್ದಂಗೆ. ನೀನು ಸೌದೆ ತುರುಕಿದ್ದೀಯ ಕಣ್ಲಾ. ಮೈ ಓಡೋಗಿ ಮುಂದೆ ನಿಂತೈತೆ, ಎದೆ ಹಿಂದೇನೇ ಉಳ್ಕಂಡೈತೆ. ಆ ಎದೆ ಕೂಗೋದು ನಂಗೆ ಕೇಳ್ತೈತೆ, ಅಷ್ಟೇಯ."

ಹೊಟ್ಟೆಗೆ ಎಣ್ಣೆಯ ಶಾಖವೇ ಸಾಕಾದರೆ ಕೋಳಿ ಮೇವು ತಿನ್ನುವುದನ್ನೇ ಬಿಡುತ್ತದಂತೆ, ಆಗ ಪ್ರೋಟೀನೂ ಸಾಲದೆ ಉಳಿದದ್ದು ಬರೀ ಕೊಬ್ಬಾಗುತ್ತದಂತೆ. ಎಣ್ಣೆ ನಿಲ್ಲಿಸಿದಳು. ನಿಧಾನ ತಿನ್ನಲಿ ಎಂದು ಗುಳಿಗೆ ಫೀಡಿನ ಬದಲು ತರಿ ಮೇವು ಹಾಕಿಸಿದಳು. ಸಾವು ಇಳಿಯುತ್ತಾ ಬಂದು ನಿಂತಿತು. ಮಾಟದ ಭಯ ಹೋಯಿತು ಅಂದುಕೊಳ್ಳಬೇಡಿ. ಅಷ್ಟು ಕೋಳಿಗಳ ಗದ್ದಲದಲ್ಲಿ ಒಂದರ ಎದೆ ಹೇಗೆ ಕೇಳುತ್ತದೆ ಎಂದು ಕೇಳಿದರೆ, "ಅದಕ್ಕೇ ತಾನೆ ಅವು ಸುಮ್ಕಾಗೋದು" ಅಂದುಬಿಟ್ಟಳು.

ಆ ಬ್ಯಾಚ್ ಖಾಲಿಯಾಗುವ ಹಿಂದಿನ ದಿನ ಬೆಳಿಗ್ಗೆ ನಾನು ಷೆಡ್ಡಿನ ಬಾಗಿಲಲ್ಲಿ ನಿಂತು, ಲಾರಿ ಡ್ರೈವರಿಗೆ ಇದೆಲ್ಲ ನನ್ನದೇ ಐಡಿಯಾ ಎಂದು ಕೊಚ್ಚಿಕೊಳ್ಳುತ್ತಿದ್ದೆ. ಕೈಯಲ್ಲಿ ಕೊಬ್ಬರಿ ಮಿಠಾಯಿ. ಹಿಂದೆ ಗದ್ದಲ ಮಾಡುತ್ತಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಅಕ್ಕ ಬಂದಿರಬೇಕು ಎಂದು ತಿರುಗಿದೆ. ಬಂದಿದ್ದಳು. ಕಣ್ಣು ಮುಚ್ಚಿ ನಿಂತಿದ್ದಳು. ಆಮೇಲೆ ನಡೆದಳು. ಡ್ರೈವರು ಪಕ್ಕಕ್ಕೆ ಸರಿದ. ನಾನು ಮಾತ್ರ ಕದಲಲಿಲ್ಲ. ಅವಳ ಅಂಗೈ ನನ್ನ ತಲೆಯ ಮೇಲೆ ಬಂತು. ಜೋಳದ ಪುಡಿಯ ವಾಸನೆ.

"ನಿಂದು..." ಅಂದಳು. ಉಳಿದದ್ದನ್ನು ನುಂಗಿಕೊಂಡಳು. "ಹತ್ತು ಗಾಡಿ. ಹಾಸನಕ್ಕೆ ನಡಿ."

ನನಗೇನೂ ಆಗಿಲ್ಲ, ಎದೆ ಸ್ವಲ್ಪ ಬಿಗಿದಿದೆ, ಅದು ಗ್ಯಾಸು ಎಂದೆ. ಅವಳು ಕೇಳಲಿಲ್ಲ. ಅದೇ ಲಾರಿಯ ಮುಂದೆ, ಆ ನಿಂಬೆಹಣ್ಣಿನ ಹಿಂದೆ, ಕೂರಿಸಿ ಕರೆದೊಯ್ದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ, ಕಿವಿ ನನ್ನ ಕಡೆಗೇ. ಡಾಕ್ಟರು ಪರದೆಯ ಮೇಲೆ ತೋರಿಸಿದರು, ರಕ್ತನಾಳ ದಾರದಷ್ಟಾಗಿತ್ತು. ಸಂಜೆಗೆ ಬಂದಿದ್ದರೆ ತಮ್ಮ ಕೈಲೇನೂ ಆಗುತ್ತಿರಲಿಲ್ಲ ಎಂದರು.

ಮನೆಗೆ ಬಂದ ಮೇಲೆ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಅಕ್ಕ ಕೋಳಿಗೆ ಮೇವಿನ ಅಳತೆ ಹಾಕುವ ಹಾಗೆಯೇ ನನಗೂ ಹಾಕಿದಳು. ಎಣ್ಣೆ ಬಂದ್, ಕೊಬ್ಬರಿ ಬಂದ್, ಮುದ್ದೆ ಅರ್ಧ, ಹುರುಳಿಕಾಳು ಎರಡು ಪಾಲು. ಇವತ್ತಿಗೂ ಅದೇ ತಿನ್ನುತ್ತೇನೆ. ಬಿಳಿ ರೆಕ್ಕೆಯೊಂದೇ ಬಾಕಿ.

ಅವಳು ತೀರಿಕೊಂಡದ್ದು ಹೋದ ಮಾಗಿಯಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಒಂದು ಬೆಳಿಗ್ಗೆ ನಾನೂ ಅವಳ ಜೊತೆ ಷೆಡ್ಡಿಗೆ ಹೋಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಕೋಳಿಗಳ ಗಲಾಟೆ ಹಾಗೇ ಇತ್ತು. ಒಂದೂ ಕತ್ತು ಎತ್ತಲಿಲ್ಲ. ಅವಳ ಪಾದದ ಮೇಲೇ ಹತ್ತಿಕೊಂಡು ಮೇವಿಗೆ ಓಡಿದವು. ಅವಳು ನನ್ನ ಕಡೆ ತಿರುಗಿ, ಎಷ್ಟೋ ವರ್ಷದ ಮೇಲೆ, ನಕ್ಕಳು.

"ನೋಡ್ಲಾ. ಇವಕ್ಕೆ ನಾನು ಬಂದಿದ್ದೇ ಗೊತ್ತಾಗ್ಲಿಲ್ಲ."

ಹಾಸನಕ್ಕೆ ಹೋಗೋಣ ಎಂದು ಕೈ ಹಿಡಿದೆ. ಬಿಡಿಸಿಕೊಂಡಳು. ಬೇಲೂರಿಗೆ, ಮಗಳ ಮನೆಗೆ ಹೋದಳು. ವಾರ ತುಂಬುವ ಮೊದಲೇ ಸುದ್ದಿ ಬಂತು.

ಆ ಷೆಡ್ಡನ್ನು ಮಗಳು ನನ್ನ ವಶಕ್ಕೆ ಕೊಟ್ಟಿದ್ದಾಳೆ. ಅವಳ ಅಳತೆಯಲ್ಲೇ ಮೇವು ಕಲಸುತ್ತೇನೆ, ಒಂದು ಚಿಟಿಕೆ ನಾಲಿಗೆಗೂ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ನಾನು ಒಳಗೆ ಕಾಲಿಟ್ಟ ಕೂಡಲೇ ಅಷ್ಟೂ ಕೋಳಿಗಳು ಸುಮ್ಮನಾಗುತ್ತವೆ, ಥೇಟ್ ಅಕ್ಕನಿಗೆ ಆಗುತ್ತಿದ್ದ ಹಾಗೆ.

ನಂಬಿದಿರಲ್ಲ? ಹೇಳಿರಲಿಲ್ಲವೇ. ಇಷ್ಟರಲ್ಲಿ ಒಂದೇ ಒಂದು ನಾನು ಕಟ್ಟಿದ್ದು, ಅದು ಈಗ ಹೇಳಿದ ಈ ಕೊನೆಯ ಮಾತು. ನಾನು ಕಾಲಿಟ್ಟಾಗ ಅವು ಸುಮ್ಮನಾಗುವುದಿಲ್ಲ. ನಾನು ಬಾಗಿಲಿಗೆ ಬರುವ ಮುಂಚೆಯೇ ಸುಮ್ಮನಾಗಿರುತ್ತವೆ. ನಾನು ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತೇನೆ. ಅಕ್ಕನ ಕೆಲಸ ಮುಗಿದು ಮತ್ತೆ ಗಲಾಟೆ ಶುರುವಾದ ಮೇಲೆ ಒಳಗೆ ಹೋಗುತ್ತೇನೆ.